ಆಂಬುಲೆನ್ಸಿಗೆ ಇನ್ನಷ್ಟು ಪವರ್

“ಟರ್ಬೊ ಪ್ರೆಶರ್ ಏರಿಸಿ ಪಿಕಪ್ ಜಾಸ್ತಿ ಮಾಡ್ಕೊಡಿ ಅಣ್ಣಾ” ಎನ್ನುತ್ತಾ ಆಂಬುಲೆನ್ಸ್ ಚಾಲಕರೊಬ್ಬರು ಚಾಮರಾಜಪೇಟೆಯ ನನ್ನ ಗ್ಯಾರೇಜಿಗೆ ಬಂದರು. ರೇಸಿನ ಹುಚ್ಚಿದ್ದವರ ಕಾರುಗಳಿಗೆ ಆ ಕೆಲಸ ಮಾಡಿಕೊಡುತ್ತಿದ್ದೆ. ಇವರಿಗೇಕೆ ಎಂದು ವಿಚಾರಿಸಿದೆ. ಹಿಂದಿನ ದಿನ ತುಂಬು ಗರ್ಭಿಣಿಯೊಬ್ಬಳು ಅವರ ಗಾಡಿಯಲ್ಲೇ ತೀರಿಕೊಂಡಿದ್ದಳಂತೆ. ಮಾರ್ಕೆಟ್ ಹತ್ತಿರ ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರಂತೆ. ಓಡಿಸಿ ನೋಡಿದೆ, ಎಂಜಿನ್ ಚೆನ್ನಾಗಿಯೇ ಇತ್ತು.

“ದಾರಿನೇ ಸಿಗದಿದ್ರೆ ಪವರ್ ಏರಿಸಿ ಏನು ಮಾಡ್ತೀರಾ?” ಎಂದೆ.

“ನಂಗೂ ಗೊತ್ತು ಅಣ್ಣಾ. ಅವಳ ಗಂಡ ಹಿಂದೆ ಕೂತು ‘ಇನ್ನೂ ಜೋರಾಗಿ ಹೋಗಿ’ ಅಂತ ಅಳ್ತಾನೇ ಇದ್ದ. ನಾನೂ ಏನಾದ್ರೂ ಮಾಡ್ಬೇಕಲ್ವಾ?”

ಎಂಜಿನ್ ಮುಟ್ಟದೆ ಗಾಡಿ ವಾಪಸ್ ಕೊಟ್ಟೆ. ಅವರು ಸ್ಟೇರಿಂಗ್ ಹಿಡಿದು ಬಹಳ ಹೊತ್ತು ಹೊರಡದೆ ಕೂತಿದ್ದರು. ‘ತಪ್ಪು ನಿಮ್ಮದಲ್ಲ’ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹೇಳದೆ ಉಳಿದ ಆ ಸಂಕಟ ನನಗೆ ಇಂದಿಗೂ ಹೋಗಿಲ್ಲ.