ಮಷೀನಿನ ರೋಜಾ

ಶಶಿಕಲಾ ತೀರಿಕೊಂಡು ಇನ್ನೂ ಎರಡು ತಿಂಗಳಾಗಿಲ್ಲ. ಅವಳ ಬಗ್ಗೆ ಬರೆಯಲು ಕುಳಿತರೆ ಅಳುವಿಗಿಂತ ಮೊದಲು ನಗು ಬರುತ್ತದೆ. ಬದುಕಿದ್ದಾಗಲೂ ಅವಳು ಯಾರನ್ನೂ ನೆಟ್ಟಗೆ ಅಳಲು ಬಿಟ್ಟವಳಲ್ಲ.

ದೇವದುರ್ಗದವಳು. ತಾಯಿ ಹತ್ತಿ ಬಿಡಿಸುವ ಕೂಲಿಗೆ ಹೋಗಿ ಓದಿಸಿದ್ದರು. ರಾಯಚೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತ ಪಿಎಚ್‌ಡಿ ಮಾಡುತ್ತಿದ್ದಳು. ಅವಳ ವಿಷಯ, ಬಿಸಿ ಮಾಡದೆಯೇ ದ್ರವವಾಗಿರುವ ಒಂದು ಬಗೆಯ ಉಪ್ಪು. ಉಕ್ಕಿಗೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಸವರಿದರೆ ಅಂಟಿಕೊಂಡು ನಿಲ್ಲುತ್ತದೆ. ಆವಿಯಾಗುವುದಿಲ್ಲ, ತೊಟ್ಟಿಕ್ಕುವುದಿಲ್ಲ, ಲೋಹಕ್ಕೆ ಲೋಹ ಉಜ್ಜಿ ಸವೆಯಲು ಬಿಡುವುದಿಲ್ಲ. ಪ್ರಯೋಗಾಲಯದಲ್ಲಿ ಇದೆಲ್ಲ ಸರಿಯಾಗಿತ್ತು. ದಿನವಿಡೀ ದುಡಿಯುವ ಮಷೀನಿನಲ್ಲಿ ಎಣ್ಣೆಯಿಲ್ಲದೆ ಅದೊಂದೇ ಸಾಕೇ? ಅವಳ ಇಷ್ಟು ವರ್ಷಗಳ ಕೆಲಸ ಆ ಉತ್ತರಕ್ಕಾಗಿ ಕಾದಿತ್ತು.

ಅದಕ್ಕೇ ಅವಳೂ ಅವಳ ಗೆಳತಿಯಾದ ನಾನೂ ಮಾನ್ವಿಗೆ, ಸುಗ್ರಾ ಬೇಗಂ ಅವರ ಹೊಲಿಗೆ ಅಂಗಡಿಗೆ ಹೋದೆವು. ರಮಜಾನ್ ಬಂತೆಂದರೆ ಅಲ್ಲಿ ಬಿಳಿ ಕುರ್ತಾಗಳ ರಾಶಿ. ಮಷೀನಿನ ಎಣ್ಣೆ ಒಂದು ಹನಿ ಸಿಡಿದರೂ ಕುರ್ತಾ ಹಾಳು.

“ಉಪ್ಪು ಹಚ್ಚಿದ್ರ ಕಬ್ಬಿಣ ತುಕ್ಕು ಹಿಡೀತದಲ್ಲ ಬೇಟಿ? ಓದಿ ಓದಿ ತಲಿ ಕೆಟ್ಟದೇನು?” ಎಂದರು ಸುಗ್ರಾ ಬೇಗಂ.

“ಇದು ಅಡಿಗಿ ಉಪ್ಪಲ್ಲ ಖಾಲಾ. ಒಂದು ಮಷೀನ್ ಕೊಡ್ರಿ ಸಾಕು. ಈ ತಿಂಗಳು ನಿಮ್ಮ ಜೋಡಿ ಅದಕ್ಕೂ ರೋಜಾ, ಉಪವಾಸ ಅಂತ ತಿಳೀರಿ. ಎಣ್ಣಿ ಇಲ್ಲ.”

ಅವರು ನಕ್ಕು ಒಪ್ಪಿದರು. ಸೂಜಿಯ ಕೆಳಗೆ ತಿರುಗುವ ಶಟಲ್ಲನ್ನು ಶಶಿ ಬಿಚ್ಚಿ, ಒರೆಸಿ, ತನ್ನ ದ್ರವ ಸವರಿ ಮತ್ತೆ ಕೂಡಿಸಿದಳು.

ಹಬ್ಬ ಮುಗಿದ ಮೇಲೆ ಬಿಚ್ಚಿ ನೋಡಿದರೆ ಶಟಲ್ ಥಳಥಳ ಹೊಳೆಯುತ್ತಿತ್ತು. ಒಂದು ಗೀರೂ ಇಲ್ಲ. ಶಶಿ ನನ್ನನ್ನು ತಬ್ಬಿಕೊಂಡು ಕುಣಿದಳು.

“ಹೊಳೀಲಾರದ ಏನ್ ಮಾಡ್ತದ?” ಸುಗ್ರಾ ಬೇಗಂ ಹೆಮ್ಮೆಯಿಂದ ಹೇಳಿದರು. “ದಿನಾ ಸಂಜಿಗೆ ನಾ ರೋಜಾ ಬಿಟ್ಟ ಕೂಡ್ಲೆ ಅದಕ್ಕೂ ಎರಡು ಹನಿ ಎಣ್ಣಿ ಬಿಟ್ಟೀನಿ. ಹಗಲೆಲ್ಲ ಒಣಾ ದುಡಿದದ ಪಾಪ!”

ಶಶಿ ಸ್ಟೂಲಿನ ಮೇಲೆ ಕುಸಿದಳು. ಪರೀಕ್ಷೆ ಪೂರಾ ಹಾಳಾಗಿತ್ತು. ಸ್ವಲ್ಪ ಹೊತ್ತಿಗೆ ಅವಳ ಭುಜ ಅಲುಗತೊಡಗಿತು. ಅಳುತ್ತಾಳೆಂದು ನಾನು ಹತ್ತಿರ ಹೋದರೆ ನಗುತ್ತಿದ್ದಳು.

“ತಪ್ಪು ನಂದೇ ಖಾಲಾ. ಇಫ್ತಾರ್ ಇಲ್ಲದ ರೋಜಾ ಯಾರು ಹಿಡೀತಾರ!”

ಬಕ್ರೀದಿನ ಹೊಲಿಗೆಗೆ ಮತ್ತೆ ಮೊದಲಿನಿಂದ ಶುರು. ಈ ಸಲ ಎಣ್ಣೆಯ ತೂತುಗಳಿಗೆ ಸುಗ್ರಾ ಬೇಗಂ ತಾವೇ ಟೇಪು ಅಂಟಿಸಿದರು. ಆ ಮಷೀನಿನ ಕುರ್ತಾಗಳಲ್ಲಿ ಒಂದಕ್ಕೂ ಕಲೆ ಬೀಳಲಿಲ್ಲ. ಆದರೆ ಶಟಲ್ ಬಿಚ್ಚಿದಾಗ ಅಂಚಿನಲ್ಲಿ ಕೂದಲೆಳೆಯಂಥ ಗೀರಿತ್ತು. ಸುಗ್ರಾ ಬೇಗಂ ಗಾಬರಿಯಾದರು.

“ಅಲ್ಲಾ ಕಸಮ್, ನಾ ಮುಟ್ಟೇ ಇಲ್ಲ ಬೇಟಿ.”

“ಗೊತ್ತದ ಖಾಲಾ,” ಶಶಿ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. “ಎಣ್ಣಿ ಇಲ್ಲದ ಇಷ್ಟು ದಿನ ಓಡಿ ಒಂದೇ ಗೀರು! ಇದು ಪೂರಾ ನಂದು.”

ರಾಯಚೂರು ಬಸ್ಸಿನಲ್ಲಿ ಅದರ ಫೋಟೋವನ್ನು ಅಕ್ಕಪಕ್ಕದವರಿಗೆಲ್ಲ ತೋರಿಸಿದಳು, ಮನೆಯಲ್ಲಿ ಕೂಸು ಹುಟ್ಟಿದೆಯೇನೋ ಎಂಬಂತೆ.