ಗೋಡೆ ಕಡೆಯ ಮಂಚ

ನನ್ನ ಅಕ್ಕ ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿನಲ್ಲಿದ್ದಳು, ನಾನು ರಾಮನಗರದಲ್ಲಿ. ರೇಷ್ಮೆ ಹುಳುವಿನ ಕೆಲಸ ಕಡಿಮೆಯಿರುವ ಹೊತ್ತು ನೋಡಿಕೊಂಡು ವರ್ಷಕ್ಕೊಮ್ಮೆ ಇಬ್ಬರೇ ಮೈಸೂರಿಗೆ ಹೋಗಿ ಬರುತ್ತಿದ್ದೆವು. ಉಳಿಯುವುದು ಯಾವಾಗಲೂ ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜಿನಲ್ಲಿ. ಅಕ್ಕನಿಗೆ ಜನ, ದೀಪ, ಗಲಾಟೆ ಎಲ್ಲ ಬೇಕು. ನನಗೆ ಅಲ್ಲಿ ಕಣ್ಣು ಹತ್ತುತ್ತಿರಲಿಲ್ಲ.

ಕೊನೆಯ ಸಲ ಹೋದಾಗ ಸಿಟಿ ಬಸ್ಸು ಮರಗಳಿದ್ದ ಒಂದು ಬೀದಿ ದಾಟುತ್ತಿತ್ತು. ಅವಳು ಕಿಟಕಿಯಾಚೆ ಕೈ ತೋರಿಸಿ, "ನಿಂಗೆ ಇಂತಾ ಕಡೆನೇ ಸರಿ ಕಣೆ. ಕಾಗೆ ಬುಟ್ರೆ ಇನ್ನೇನೂ ಕೂಗಕ್ಕಿಲ್ಲ" ಎಂದು ನಕ್ಕಳು. ಮಾರನೆಯ ಬೆಳಿಗ್ಗೆ ಮಲ್ಲಿಗೆ ತರುತ್ತೇನೆಂದು ಹೋದವಳು ಬಹಳ ಹೊತ್ತಿನ ಮೇಲೆ ಬರಿಗೈಯಲ್ಲಿ ಬಂದಳು. "ದಾರಿ ತಪ್ತು" ಎಂದಳು.

ಈ ಮಳೆಗಾಲದಲ್ಲಿ ಅಕ್ಕ ತೀರಿಕೊಂಡಳು. ಜ್ವರವೆಂದು ಮಲಗಿದವಳು ಏಳಲಿಲ್ಲ.

ಆಮೇಲೊಮ್ಮೆ ಒಬ್ಬಳೇ ಮೈಸೂರಿಗೆ ಹೊರಟೆ. ಯಾಕೆಂದು ಮನೆಯವರಿಗೆ ಹೇಳಲಾಗಲಿಲ್ಲ. ಲಾಡ್ಜಿನ ಮೆಟ್ಟಿಲ ತನಕ ಹೋಗಿ ಹಿಂದಕ್ಕೆ ಬಂದೆ. ಕೌಂಟರಿನವರು "ಇನ್ನೊಬ್ಬರೆಲ್ಲಿ?" ಎಂದರೆ ಏನು ಹೇಳಲಿ? ಸಿಟಿ ಬಸ್ಸು ಹತ್ತಿ ಆ ಮರಗಳ ಬೀದಿಯಲ್ಲಿ ಇಳಿದೆ. ಒಂದು ಹೆಂಚಿನ ಮನೆಯ ಗೇಟಿನಲ್ಲಿ ಬಾಡಿಗೆ ರೂಮಿನ ಬೋರ್ಡಿತ್ತು.

ಬಾಗಿಲು ತೆಗೆದ ಹೆಂಗಸು ನನ್ನ ಮಾತು ಕೇಳಿದ್ದೇ, "ರಾಮನಗ್ರದ ಕಡೆಯವ್ರಾ? ನಂದು ಉಯ್ಯಂಬಳ್ಳಿ ಕಣಕ್ಕ" ಎಂದು ಒಳಗೆ ಕರೆದಳು. ಕಾಫಿ ಕೊಡುತ್ತಾ ಅವಳೇ ಶುರು ಮಾಡಿದಳು.

"ಹೋದ್ ವರ್ಷ ದೊಡ್ಡಮಳೂರಿನೋರು ಒಬ್ರು ಬೆಳಿಗ್ಗೆ ಬೆಳಿಗ್ಗೇನೇ ಬಂದು ರೂಮ್ ನೋಡುದ್ರು. 'ನನ್ ತಂಗಿಗೆ ಗಲಾಟೇಲಿ ನಿದ್ದೆ ಬರಕ್ಕಿಲ್ಲ, ಮುಂದಿನ್ ಸಲ ಇಲ್ಲೇ ಇರ್ತೀವಿ. ಕಿಟಕಿ ತಾವಿನ ಮಂಚ ಅವಳ್ಗೆ, ಗೋಡೆ ಕಡೇದು ನಂಗೆ' ಅಂದ್ರು. ಆಮೇಕೆ ಬರ್ನೇ ಇಲ್ಲ."

ಲೋಟ ಕೆಳಗಿಟ್ಟೆ.

"ಆ ತಂಗಿ ನಾನೇ ಕಣವ್ವ. ಅಕ್ಕ ಈಗಿಲ್ಲ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರೂಮಿನ ಬಾಗಿಲು ತೆಗೆದು, "ಗೋಡೆ ಕಡೆ ಮಂಚ ಎತ್ತುಸ್ಲಾ?" ಎಂದಳು.

"ಬ್ಯಾಡ, ಇರ್ಲಿ."

ಮಧ್ಯಾಹ್ನ ಕಿಟಕಿಯ ಬಳಿ ಮಲಗಿದೆ. ಬೀದಿಯಲ್ಲಿ ಒಂದು ಸದ್ದೂ ಇರಲಿಲ್ಲ. ಗೋಡೆ ಕಡೆಯ ಮಂಚ ಯಾರೋ ಮಗ್ಗುಲು ಬದಲಿಸಿದಂತೆ ಕಿರ್ರೆಂದಿತು. ಲಾಡ್ಜಿನ ಗದ್ದಲದಲ್ಲಾಗಿದ್ದರೆ ಆ ಸದ್ದು ಕಿವಿಗೇ ಬೀಳುತ್ತಿರಲಿಲ್ಲ. ತಿರುಗಿ ನೋಡಲಿಲ್ಲ. ನೋಡಿದರೆ ಬರೀ ಹಾಸಿಗೆ ಕಾಣುತ್ತದೆಂದು ಗೊತ್ತಿತ್ತು. ಆದರೂ ಎದ್ದು ಹೋಗಲು ಮನಸ್ಸಾಗಲಿಲ್ಲ.

"ನಿದ್ದೆ ಬತ್ತೈತೆ ಕಣಕ್ಕ" ಎಂದು ಆ ಕಡೆ ಬೆನ್ನು ಹಾಕಿಕೊಂಡೇ ಹೇಳಿದೆ.

ಬಂತು ಕೂಡ. ಎದ್ದಾಗ ಸಂಜೆಯಾಗಿತ್ತು. ಆ ಮಂಚದ ಮೇಲುಹಾಸಿನಲ್ಲಿ ಒಂದು ಸುಕ್ಕೂ ಇರಲಿಲ್ಲ.

ಮಾರನೆಯ ದಿನ ರೈಲು ಹತ್ತಿದೆ. ಪಕ್ಕದ ಸೀಟು ಖಾಲಿಯಿತ್ತು. ಚನ್ನಪಟ್ಟಣದಲ್ಲಿ ನಿಂತಾಗ, ಅಕ್ಕ ಇಳಿಯಲು ದಾರಿ ಬಿಡುವಂತೆ ನನ್ನ ಕಾಲುಗಳು ತಾವಾಗಿಯೇ ಮಡಚಿಕೊಂಡವು. ರಾಮನಗರ ಬರುವವರೆಗೂ ಹಾಗೇ ಕೂತಿದ್ದೆ.