ಗಾಲಿಕುರ್ಚಿ ಚಿತ್ರದ ಮೇಲೆ ನನ್ನ ಕಾರು

ಇಂದಿರಾನಗರದ ಒಂದು ಬಟ್ಟೆ ಅಂಗಡಿಗೆ ಕೆಲಸದ ಮೇಲೆ ಹೋಗಿದ್ದೆ. ಗಾಲಿಕುರ್ಚಿಯ ಚಿತ್ರ ಬರೆದಿದ್ದ ಜಾಗದಲ್ಲಿ ಕಾರು ನಿಲ್ಲಿಸಿ ಇಳಿದೆನೋ ಇಲ್ಲವೋ, ಹಿಂದಿನ ಕಾರಿನಿಂದ ಹಿರಿಯರೊಬ್ಬರು ಧಾವಿಸಿ ಬಂದರು.

"ಏನಮ್ಮಾ, ಓದಿರೋರ ಥರ ಕಾಣ್ತೀಯ, ಈ ಜಾಗ ಯಾರಿಗೆ ಅಂತ ಗೊತ್ತಿಲ್ವಾ?"

"ನನ್ನಂಥೋರಿಗೇ ಸಾರ್. ಸಂಧಿವಾತ ಇದೆ. ದೂರ ನಡೆದ್ರೆ ಮಂಡಿ ಕೈ ಕೊಡುತ್ತೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಈ ವಯಸ್ಸಿಗಾ? ನೆಟ್ಟಗೆ ನಿಂತಿದೀಯಲ್ಲ!"

ನನ್ನ ಮುಖ ಬಿಸಿಯಾಯಿತು. ಕಂಡಕಂಡವರಿಗೆಲ್ಲ ಕಾಯಿಲೆಯ ಕಥೆ ಹೇಳಿ ಹೇಳಿ ಸಾಕಾಗಿತ್ತು. ಅಷ್ಟರಲ್ಲಿ ಅವರ ಹೆಂಡತಿ ಕಾರಿಳಿದು ಬಂದರು. ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ. ನಡಿಗೆಯಲ್ಲಿ ಎಲ್ಲೂ ತೊಂದರೆ ಕಾಣಲಿಲ್ಲ.

"ರೀ, ಸುಮ್ನಿರಿ. ನನ್ನ ಸೊಂಟದಲ್ಲಿರೋ ರಾಡು ಯಾರಿಗಾದ್ರೂ ಕಾಣುತ್ತಾ? ಕಮ್ಮನಹಳ್ಳೀಲಿ ಒಬ್ಬ ನನಗೆ ಹೀಗೇ ಅಂದಾಗ ಅವನ ಮೇಲೆ ಜಗಳಕ್ಕೆ ಹೋಗಿದ್ದು ಯಾರು?"

ಅವರ ಸಿಟ್ಟು ಜರ್ರನೆ ಇಳಿಯಿತು. "ತಪ್ಪಾಯ್ತು ಕಣಮ್ಮಾ," ಎಂದವರೇ ಹೆಂಡತಿಯನ್ನು ಅಲ್ಲೇ ಬಿಟ್ಟು, ಬೇರೆ ಜಾಗ ಹುಡುಕಲು ಹೊರಟರು. ನಾವಿಬ್ಬರೂ ಅಂಗಡಿಯೊಳಗೆ ಕೂತು, ಯಾವ ಎಣ್ಣೆ ಹಚ್ಚಿದರೆ ನೋವು ಇಳಿಯುತ್ತದೆ, ಯಾವುದು ಬರೀ ವಾಸನೆ ಅಂತ ಮಾತಿಗಿಳಿದೆವು. ಅಕ್ಕತಂಗಿಯರಷ್ಟು ಸಲಿಗೆ ಬಂದ ಮೇಲೆ ಅವರ ಗಂಡ ವಾಪಸ್ ಬಂದರು. ಜಾಗ ಸಿಕ್ಕಿದ್ದು ಹಲಸೂರಿನ ಹತ್ತಿರವಂತೆ. ಅಲ್ಲಿಂದ ಹೊಸ ಬೂಟಿನಲ್ಲಿ ನಡೆದು ಬಂದು ಕಾಲಲ್ಲಿ ಬೊಬ್ಬೆ ಎದ್ದಿತ್ತು.

ಬಾಗಿಲಲ್ಲಿ ಕುಂಟುತ್ತಿದ್ದ ಅವರನ್ನೂ ಆರಾಮಾಗಿ ಕೂತಿದ್ದ ನಮ್ಮಿಬ್ಬರನ್ನೂ ನೋಡಿದವರು ಯಾರಾದರೂ, ಆ ಜಾಗ ಅವರಿಗೇ ಸಲ್ಲಬೇಕಿತ್ತು ಅಂತ ಆಣೆ ಮಾಡಿ ಹೇಳುತ್ತಿದ್ದರು.